ಅಡುಗೆಮನೆಯಲ್ಲಿ ಮೊಳಗಿದ ಗುಡುಗು

ಮೈಸೂರಿನ ಕುವೆಂಪುನಗರದಲ್ಲಿರುವ ಗೆಳೆಯನೊಬ್ಬ ಹೊಸ ಹೋಮ್ ಥಿಯೇಟರ್ ಹಾಕಿಸಿದ ವಾರವೇ ನನ್ನನ್ನು ಸಿನಿಮಾ ನೋಡಲು ಕರೆದಿದ್ದ. ಐದು ಸ್ಪೀಕರು, ಅವುಗಳಿಗೆ ಶಬ್ದ ಹಂಚುವ ಒಂದು ರಿಸೀವರು, ಟಿ.ವಿ. ಪಕ್ಕದ ಮೂಲೆಯಲ್ಲಿ ಮಂದ್ರ ಶಬ್ದವನ್ನಷ್ಟೇ ನುಡಿಸುವ ಪೆಟ್ಟಿಗೆಯಾದ 12 ಇಂಚಿನ ಸಬ್‌ವೂಫರ್. ಮಳೆ, ಗುಡುಗು, ಕುಸಿಯುವ ಸೇತುವೆ ಎಲ್ಲವೂ ಇದ್ದ ಚಿತ್ರವನ್ನು ಅವನು ಬೇಕೆಂದೇ ಆರಿಸಿಟ್ಟಿದ್ದ. ಆದರೆ ಸೋಫಾದಲ್ಲಿ ಕುಳಿತ ನಮಗೆ ಗುಡುಗಿಗೂ ಸೇತುವೆಗೂ ಒಂದೇ ಬಗೆಯ ‘ಧುಮ್ ಧುಮ್’ ಕೇಳುತ್ತಿತ್ತೇ ಹೊರತು ಎದೆಗೆ ತಾಗುವ ಆಳ ಎಲ್ಲಿಯೂ ಇರಲಿಲ್ಲ. ಗೆಳೆಯ ರಿಮೋಟ್ ಹಿಡಿದು ಸಬ್‌ವೂಫರಿನ ಮಟ್ಟವನ್ನು ಏರಿಸುತ್ತಲೇ ಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವನ ತಾಯಿ, “ಏನೋ ಅದು, ತಟ್ಟೆ ಸ್ಟ್ಯಾಂಡೆಲ್ಲ ಗಡಗಡ ಅಂತಿದೆ, ಕಮ್ಮಿ ಮಾಡೋ” ಎಂದು ಕೂಗಿದರು. ನೀರು ಕುಡಿಯುವ ನೆಪದಲ್ಲಿ ನಾನು ಅಡುಗೆಮನೆಯ ಬಾಗಿಲವರೆಗೆ ಹೋದೆ. ನಾವು ಹಾಲ್‌ನಲ್ಲಿ ಹುಡುಕುತ್ತಿದ್ದ ಗುಡುಗು ಅಲ್ಲಿತ್ತು. ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು, ಗ್ಯಾಸ್ ಕಟ್ಟೆಯ ಮೇಲಿದ್ದ ಪಾತ್ರೆಯ ನೀರಿನಲ್ಲಿ ಸಣ್ಣ ಉಂಗುರಗಳು ಏಳುತ್ತಿದ್ದವು. ಹಣ ಕೊಟ್ಟು ತಂದವನಿಗೆ ದಕ್ಕದ ಶಬ್ದವೆಲ್ಲ ಅದನ್ನು ಬೇಡವೆನ್ನುವವರ ಪಾಲಾಗಿತ್ತು.

ಸಬ್‌ವೂಫರ್ ಕೊಳ್ಳಬೇಕೆಂದಿರುವವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಇಂಚಿನದು ತರಲಿ’ ಎಂಬುದು, ಎರಡನೆಯದು ‘ಎಷ್ಟು ವ್ಯಾಟ್ ಇರಬೇಕು’ ಎಂಬುದು. ಕೇಳಬೇಕಾದ ಪ್ರಶ್ನೆಗಳೇ ಸರಿ, ಆದರೆ ಅವುಗಳ ಸರದಿ ಕೊನೆಗೆ ಬರಬೇಕು ಎಂಬುದು ನನ್ನ ಅಭಿಪ್ರಾಯ. ಉಳಿದ ಸ್ಪೀಕರುಗಳನ್ನು ಅಂಗಡಿಯಲ್ಲಿ ಕೇಳಿ ಮೆಚ್ಚಿಕೊಂಡು ತಂದರೆ ಮನೆಯಲ್ಲಿಯೂ ಅವುಗಳ ದನಿ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಸಬ್‌ವೂಫರಿನ ವಿಷಯದಲ್ಲಿ ಆ ಭರವಸೆ ನಡೆಯುವುದಿಲ್ಲ, ಏಕೆಂದರೆ ಅದರ ದನಿ ಹೇಗಿರಬೇಕೆಂಬುದನ್ನು ಪೆಟ್ಟಿಗೆಯಷ್ಟೇ ನಮ್ಮ ಮನೆಯ ಗೋಡೆಗಳೂ ತೀರ್ಮಾನಿಸುತ್ತವೆ. ಅಂಗಡಿಯ ಡೆಮೊ ಕೋಣೆಯಲ್ಲಿ ನಾವು ಕೇಳುವುದು ಬಹುಪಾಲು ಆ ಕೋಣೆಯನ್ನೇ. ಎಲ್ಲಿ ಕೂರುತ್ತೇವೆ, ಪೆಟ್ಟಿಗೆಯನ್ನು ಎಲ್ಲಿ ಇಡುತ್ತೇವೆ, ಹೇಗೆ ಜೋಡಿಸುತ್ತೇವೆ ಎಂಬುದನ್ನು ಯೋಚಿಸಿಕೊಂಡ ಮೇಲೆ ಅಂಗಡಿಯ ಮೆಟ್ಟಿಲು ಹತ್ತುವುದು ಒಳ್ಳೆಯದು. ಈ ಬರಹದಲ್ಲಿಯೂ ಅದೇ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ಕೋಣೆ ಮೊದಲು

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಮಾತಿನ ವ್ಯಾಪ್ತಿಯಲ್ಲಿರುವ 1000 ಹರ್ಟ್ಸ್ (ಅಂದರೆ ಸೆಕೆಂಡಿಗೆ 1000 ಕಂಪನ) ಶಬ್ದದ ಅಲೆ ಒಂದಡಿಗಿಂತ ಸ್ವಲ್ಪವೇ ಉದ್ದವಿರುತ್ತದೆ. ಆದರೆ 80 ಹರ್ಟ್ಸ್‌ನ ಅಲೆಯ ಉದ್ದ 4.3 ಮೀಟರ್, 20 ಹರ್ಟ್ಸ್‌ನ ಅಲೆಯ ಉದ್ದ 17 ಮೀಟರ್. ಅಂದರೆ ಸಬ್‌ವೂಫರ್ ಹೊರಡಿಸುವ ಅಲೆಗಳು ನಮ್ಮ ಹಾಲಿನಷ್ಟೇ, ಕೆಲವೊಮ್ಮೆ ಹಾಲಿಗಿಂತಲೂ ಉದ್ದ. ಎದುರುಬದುರಿನ ಗೋಡೆಗಳಿಗೆ ಬಡಿದು ಹಿಂದಿರುಗುವ ಅಲೆ ಹೊಸದಾಗಿ ಹೊರಟ ಅಲೆಯೊಂದಿಗೆ ಸೇರಿ, ಕೋಣೆಯ ಕೆಲವು ಜಾಗಗಳಲ್ಲಿ ಇಮ್ಮಡಿಯಾಗುತ್ತದೆ, ಕೆಲವು ಜಾಗಗಳಲ್ಲಿ ಅಳಿದುಹೋಗುತ್ತದೆ. ನೀರು ತುಂಬಿದ ಉದ್ದನೆಯ ಟಬ್ಬನ್ನು ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿದಾಗ ಎರಡು ಅಂಚುಗಳಲ್ಲಿ ನೀರು ಏರಿ ಇಳಿಯುತ್ತಿದ್ದರೂ ನಡುವಿನ ಗೆರೆಯಲ್ಲಿ ನೀರಿನ ಮಟ್ಟ ಹೆಚ್ಚುಕಡಿಮೆ ಕದಲುವುದಿಲ್ಲ. ಕೋಣೆಯ ಗಾಳಿಯ ಒತ್ತಡವೂ ಹೀಗೆಯೇ ವರ್ತಿಸುತ್ತದೆ.

ಗೆಳೆಯನ ಹಾಲು 18 ಅಡಿ ಉದ್ದ, 12 ಅಡಿ ಅಗಲ. ಹದಿನೆಂಟು ಅಡಿಯೆಂದರೆ ಸುಮಾರು ಐದೂವರೆ ಮೀಟರ್. ಈ ಉದ್ದದಲ್ಲಿ ಸರಿಯಾಗಿ ಅರ್ಧ ಅಲೆ ಹಿಡಿಯುವುದು 31 ಹರ್ಟ್ಸ್‌ನಲ್ಲಿ. ಆ ಆವರ್ತನದಲ್ಲಿ ಮುಂದಿನ ಮತ್ತು ಹಿಂದಿನ ಗೋಡೆಗಳ ಬಳಿ ಒತ್ತಡ ಗರಿಷ್ಠವಾಗಿರುತ್ತದೆ, ನಟ್ಟನಡುವೆ ಸೊನ್ನೆಗೆ ಹತ್ತಿರವಾಗಿರುತ್ತದೆ. ಅದರ ಇಮ್ಮಡಿಯಾದ 62 ಹರ್ಟ್ಸ್‌ನಲ್ಲಿ ಇಡೀ ಅಲೆಯೊಂದು ಹಿಡಿಯುವುದರಿಂದ ನಡುವೆಯೂ ಒತ್ತಡ ಗರಿಷ್ಠ. ಸೋಫಾ ಇದ್ದದ್ದು ಸರಿಯಾಗಿ ನಡುವೆ, ಹಿಂದೆ ಊಟದ ಮೇಜಿಗೆ ಜಾಗ ಬಿಟ್ಟು. ಹಾಗಾಗಿ ಗುಡುಗಿನ ಆಳವಿರುವ 31 ಹರ್ಟ್ಸ್ ಅಲ್ಲಿ ಮಾಯವಾಗಿತ್ತು, ‘ಧುಮ್’ ಎನ್ನುವ 62 ಹರ್ಟ್ಸ್ ಉಬ್ಬಿತ್ತು. ಅಡುಗೆಮನೆಯ ಬಾಗಿಲು ಹಿಂದಿನ ಗೋಡೆಯ ಮೂಲೆಯಲ್ಲಿತ್ತು, ಅಲ್ಲಿ ಎರಡೂ ಗರಿಷ್ಠ. ಗೆಳೆಯ ಮಟ್ಟ ಏರಿಸಿದಷ್ಟೂ ಸೋಫಾದಲ್ಲಿ ‘ಧುಮ್’ ಬೆಳೆಯುತ್ತಿತ್ತು, ಅಡುಗೆಮನೆಯಲ್ಲಿ ಗುಡುಗು ಬೆಳೆಯುತ್ತಿತ್ತು. ಇನ್ನೂ ದೊಡ್ಡ ಸಬ್‌ವೂಫರ್ ತಂದಿದ್ದರೂ ಇದೇ ಆಗುತ್ತಿತ್ತು. ರಿಸೀವರಿನ ಸ್ವಯಂಚಾಲಿತ ತಿದ್ದುಪಡಿಯೂ ಇಲ್ಲಿ ಕೈಕಟ್ಟಿ ಕೂರಬೇಕು, ಏಕೆಂದರೆ ಉಬ್ಬನ್ನು ತಗ್ಗಿಸುವುದು ಅದಕ್ಕೆ ಸಾಧ್ಯವೇ ಹೊರತು ಅಳಿದುಹೋಗುವ ಜಾಗಕ್ಕೆ ಎಷ್ಟು ಶಕ್ತಿ ಸುರಿದರೂ ಅದೂ ಅಳಿದೇ ಹೋಗುತ್ತದೆ.

ಸೋಫಾವನ್ನು ಮೂರಡಿ ಹಿಂದಕ್ಕೆ ಸರಿಸಿದೆವು. ಲೆಕ್ಕದ ಪ್ರಕಾರ ಆ ಜಾಗದಲ್ಲಿ 31 ಹರ್ಟ್ಸ್ ಮತ್ತು 62 ಹರ್ಟ್ಸ್ ಎರಡೂ ತಮ್ಮ ಗರಿಷ್ಠಕ್ಕಿಂತ ಸುಮಾರು 6 ಡೆಸಿಬೆಲ್ (ಶಬ್ದದ ಮಟ್ಟದ ಅಳತೆ) ಕೆಳಗಿರುತ್ತವೆ, ಅಂದರೆ ಎರಡೂ ಸಮಕ್ಕೆ ಬರುತ್ತವೆ. ಹಾಲಿಗೆ ಊಟದ ಮನೆ, ಕಿಟಕಿ, ಮೆಟ್ಟಿಲು ಎಲ್ಲ ಸೇರಿಕೊಂಡಿರುವ ನಮ್ಮ ಮನೆಗಳಲ್ಲಿ ಲೆಕ್ಕ ಅಷ್ಟು ಕರಾರುವಾಕ್ಕಾಗಿ ನಿಲ್ಲುವುದಿಲ್ಲವಾದರೂ ದಿಕ್ಕು ತೋರಿಸುತ್ತದೆ. ಅದೇ ಸೇತುವೆ ಅದೇ ಸಿನಿಮಾದಲ್ಲಿ ಮತ್ತೊಮ್ಮೆ ಕುಸಿದಾಗ ಸಬ್‌ವೂಫರಿನ ಮಟ್ಟವನ್ನು ಇಳಿಸಿಯೂ ಸೋಫಾದ ಕೈಹಿಡಿ ನಡುಗಿತು. ಊಟದ ಮೇಜು ಗೋಡೆಗೆ ಒತ್ತಿಕೊಂಡದ್ದರಿಂದ ಒಂದು ಕುರ್ಚಿ ಮಾತ್ರ ಮನೆಯ ಒಳಕೋಣೆಗೆ ವರ್ಗವಾಯಿತು. ಹಾಗೆಂದು ಸೋಫಾವನ್ನು ಹಿಂದಿನ ಗೋಡೆಗೇ ಅಂಟಿಸಿದರೆ ಉದ್ದಗಲದ ಎಲ್ಲ ಉಬ್ಬುಗಳೂ ಒಟ್ಟಿಗೆ ಬಂದು ತಲೆಯ ಮೇಲೆ ಕೂರುತ್ತವೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಸಬ್‌ವೂಫರ್ ಕುರಿತು ನಾವು ಓದುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದವರು ಬರೆದದ್ದು. ಅವರ ಮನೆಗಳು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದು ಕಟ್ಟಿದವು, ಆ ಹಲಗೆ ತಾನೇ ಸ್ವಲ್ಪ ಕಂಪಿಸಿ ಮಂದ್ರ ಶಬ್ದದ ಒಂದಷ್ಟು ಪಾಲನ್ನು ನುಂಗಿಬಿಡುತ್ತದೆ. ನಮ್ಮ ಇಟ್ಟಿಗೆ ಗೋಡೆ, ಆರ್.ಸಿ.ಸಿ. ತಾರಸಿ, ಗ್ರಾನೈಟ್ ನೆಲ ಯಾವುದನ್ನೂ ನುಂಗುವುದಿಲ್ಲ, ಬಂದದ್ದನ್ನೆಲ್ಲ ಹಿಂದಕ್ಕೆ ಕೊಡುತ್ತವೆ. ಆದ್ದರಿಂದ ಇಲ್ಲಿ ಉಬ್ಬು ತಗ್ಗುಗಳು ಹೆಚ್ಚು ತೀವ್ರವಾಗಿರುತ್ತವೆ, ಮೂಲೆಯಲ್ಲಿಟ್ಟ ಪೆಟ್ಟಿಗೆ ಬೇಗ ಗುಮ್ಮೆನ್ನುತ್ತದೆ. ಅವರು 15 ಇಂಚು ಬೇಕೆನ್ನುವ ಕಡೆ ನಮಗೆ ಹಲವು ಸಲ 10 ಇಂಚು ಸಾಕಾಗುವುದಕ್ಕೂ ಇದು ಒಂದು ಕಾರಣ.

ಕೂರುವ ಜಾಗ ನಿಶ್ಚಯವಾದ ಮೇಲೆ ಪೆಟ್ಟಿಗೆಗೆ ಜಾಗ ಹುಡುಕುವ ಹಳೆಯ ಉಪಾಯವೊಂದಿದೆ. ಸಬ್‌ವೂಫರನ್ನೇ ಸೋಫಾದ ಮೇಲೆ, ನಾವು ಕೂರುವ ಜಾಗದಲ್ಲಿ ಇಟ್ಟು, ಮಂದ್ರ ಸ್ವರಗಳು ಏರಿಳಿಯುವ ಹಾಡೊಂದನ್ನು ಹಾಕಿ, ಪೆಟ್ಟಿಗೆ ಇಡಲು ಸಾಧ್ಯವಿರುವ ಜಾಗಗಳಲ್ಲೆಲ್ಲ ಮಂಡಿಯೂರಿ ಕಿವಿಯನ್ನು ನೆಲಮಟ್ಟಕ್ಕೆ ತಂದು ಕೇಳಬೇಕು. ಎಲ್ಲ ಸ್ವರಗಳೂ ಎಲ್ಲಿ ಸಮನಾಗಿ ಕೇಳುತ್ತವೆಯೋ ಅದೇ ಅದರ ಜಾಗ. ಶಬ್ದ ಹೊರಡುವ ಜಾಗವನ್ನೂ ಕೇಳುವ ಜಾಗವನ್ನೂ ಅದಲುಬದಲು ಮಾಡಿದರೆ ಫಲಿತಾಂಶ ಬದಲಾಗುವುದಿಲ್ಲ ಎಂಬ ಭೌತವಿಜ್ಞಾನದ ನಿಯಮ ಇದಕ್ಕೆ ಆಧಾರ. ಗೆಳೆಯನ ಮನೆಯಲ್ಲಿ ಇಬ್ಬರು ಗಂಡಸರು ಹಾಲಿನ ತುಂಬ ಅಂಬೆಗಾಲಿಡುವುದನ್ನು ನೋಡಿ ಅವನ ತಾಯಿ ಏನೂ ಹೇಳಲಿಲ್ಲ, ಕಾಫಿಯನ್ನು ಮಾತ್ರ ಟೀಪಾಯಿಯ ಮೇಲೆ ಎತ್ತರಕ್ಕೆ ಇಟ್ಟು ಹೋದರು. ಸಿಕ್ಕ ಜಾಗ ಶೋಕೇಸಿನ ಪಕ್ಕ, ಮನಿ ಪ್ಲಾಂಟಿನ ಕುಂಡವಿದ್ದ ಕಡೆ. ಕುಂಡ ಬಾಲ್ಕನಿಗೆ ಹೋಯಿತು. ಪೆಟ್ಟಿಗೆ ಟಿ.ವಿ.ಯಿಂದ ದೂರವಾಯಿತಲ್ಲ ಎಂಬ ಅಳುಕು ಬೇಡ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಕೋಣೆಯೊಳಗೆ ಗುರುತಿಸುವುದು ನಮ್ಮ ಕಿವಿಗೆ ಕಷ್ಟ. ಟಾಮ್ಲಿನ್ಸನ್ ಹೋಲ್ಮನ್ ಅವರು ಲೂಕಾಸ್‌ಫಿಲ್ಮ್ ಎಂಬ ಸಿನಿಮಾ ಕಂಪನಿಯಲ್ಲಿ ರೂಪಿಸಿದ ಟಿ.ಎಚ್.ಎಕ್ಸ್. ಎಂಬ ಸಿನಿಮಾ ಧ್ವನಿಯ ಮಾನದಂಡ ಮನೆಯ ವ್ಯವಸ್ಥೆಗಳಿಗೆ 80 ಹರ್ಟ್ಸ್ ಅನ್ನೇ ಸ್ಪೀಕರಿಗೂ ಸಬ್‌ವೂಫರಿಗೂ ನಡುವಿನ ಗಡಿಯಾಗಿ ಹಿಡಿದಿರುವುದಕ್ಕೆ ಇದೂ ಕಾರಣ.

ಒಂದು ಕೇಬಲ್ ಮತ್ತು ಅದರ ಎರಡು ತುದಿಗಳು

ಜೋಡಣೆ ನೋಡಲು ಸರಳ. ರಿಸೀವರಿನ ಹಿಂಬದಿಯ ‘ಸಬ್‌ವೂಫರ್ ಪ್ರೀ-ಔಟ್’ ಎಂಬ ರಂಧ್ರದಿಂದ ಸಬ್‌ವೂಫರಿನ ‘ಎಲ್.ಎಫ್.ಇ.’ ಎಂದು ಬರೆದಿರುವ ರಂಧ್ರಕ್ಕೆ ಒಂದೇ ಒಂದು ಆರ್.ಸಿ.ಎ. ಕೇಬಲ್. ಎಲ್.ಎಫ್.ಇ. ಎಂದು ಬರೆಯದೆ ಎಡ ಬಲ ಎಂದು ಎರಡು ರಂಧ್ರಗಳಷ್ಟೇ ಇದ್ದರೆ ಸಾಮಾನ್ಯವಾಗಿ ಎಡಕ್ಕೆ ಹಾಕಿದರೆ ಸಾಕು, ಕವಲು ಕೇಬಲ್ಲಿನಿಂದ ಎರಡಕ್ಕೂ ಕೊಟ್ಟರೆ ಮಟ್ಟ ಸ್ವಲ್ಪ ಏರುತ್ತದೆ, ಅಷ್ಟೇ ವ್ಯತ್ಯಾಸ. ಚಿನ್ನದ ಲೇಪದ ದುಬಾರಿ ಕೇಬಲ್ ಬೇಕಿಲ್ಲ. ಒಳ್ಳೆಯ ಕವಚವಿರುವ, ಬೇಕಾದಷ್ಟೇ ಉದ್ದದ ಸಾಧಾರಣ ಕೇಬಲ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವುದೂ ಈ ಕೆಲಸಕ್ಕೆ ಸಾಕು. ತೊಡಕು ಇರುವುದು ಕೇಬಲ್ಲಿನ ಎರಡು ತುದಿಗಳಲ್ಲಿರುವ ಸೆಟ್ಟಿಂಗುಗಳಲ್ಲಿ.

ಇಂಥ ಐದು ಸ್ಪೀಕರಿನ ವ್ಯವಸ್ಥೆಯನ್ನು 5.1 ಎನ್ನುವಾಗಿನ ‘.1’ ಸಬ್‌ವೂಫರಿನ ಹೆಸರೆಂದು ಹೆಚ್ಚಿನವರು ತಿಳಿದಿರುತ್ತಾರೆ. ಅದು ಎಲ್.ಎಫ್.ಇ. ಎಂಬ ಪ್ರತ್ಯೇಕ ಧ್ವನಿಪಥ. ಗರಿಷ್ಠ 120 ಹರ್ಟ್ಸ್‌ವರೆಗಿನ ಶಬ್ದವನ್ನು, ಉಳಿದ ಪಥಗಳಿಗಿಂತ 10 ಡೆಸಿಬೆಲ್ ಹೆಚ್ಚು ಮಟ್ಟದಲ್ಲಿ ನುಡಿಸಲೆಂದು ಸಿನಿಮಾದವರು ಇಟ್ಟುಕೊಂಡ ಜಾಗ. ಸ್ಫೋಟ, ಭೂಕಂಪಗಳು ಅಲ್ಲಿರುತ್ತವೆ. ಆದರೆ ಹಾಡಿನ ತಬಲದ ಬಾಯಾ, ಡೊಳ್ಳು, ಬೇಸ್ ಗಿಟಾರುಗಳು ಬಹುಪಾಲು ಎಡ ಬಲ ಪಥಗಳಲ್ಲಿಯೇ ಇರುತ್ತವೆ. ರಿಸೀವರಿನ ಮೆನುವಿನಲ್ಲಿ ಸ್ಪೀಕರುಗಳನ್ನು ‘ಸ್ಮಾಲ್’ ಎಂದು ಗುರುತಿಸಿದರೆ ಮಾತ್ರ ಈ ಪಥಗಳ ಮಂದ್ರ ಭಾಗ ಸಬ್‌ವೂಫರಿಗೆ ಹರಿದುಬರುತ್ತದೆ. ‘ಲಾರ್ಜ್’ ಎಂದಿದ್ದರೆ ಎರಡು ಪಥದ ಹಾಡಿಗೆ ಸಬ್‌ವೂಫರ್ ಬಾಯಿಯನ್ನೇ ತೆರೆಯದೆ ಕುಳಿತಿರಬಹುದು. ಆಗ ಅದು ಕೆಟ್ಟಿದೆಯೆಂದು ರಿಪೇರಿಗೆ ಹೊತ್ತುಕೊಂಡು ಹೋದವರಿದ್ದಾರೆ. ಎದೆಯೆತ್ತರದ ಟವರ್ ಸ್ಪೀಕರುಗಳನ್ನು ತಂದವರಿಗೆ ಅವುಗಳನ್ನು ‘ಸ್ಮಾಲ್’ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ ಎಂಬುದು ನಿಜ. ಮಂದ್ರದ ಹೊರೆಯನ್ನು ಯಾರು ಹೊರಬೇಕು ಎಂಬುದಷ್ಟೇ ಆ ಸೆಟ್ಟಿಂಗಿನ ವಿಷಯ, ಸ್ಪೀಕರಿನ ಅಂತಸ್ತಿನ ಪ್ರಶ್ನೆ ಅಲ್ಲಿಲ್ಲ. ಸ್ಪೀಕರಿಗೂ ಸಬ್‌ವೂಫರಿಗೂ ಶಬ್ದ ಹಂಚುವ ಗಡಿಯಾದ ಕ್ರಾಸ್‌ಓವರನ್ನು 80 ಹರ್ಟ್ಸ್‌ಗೆ ಇಟ್ಟು ಆರಂಭಿಸಬಹುದು; ಸಣ್ಣ ಸ್ಯಾಟಲೈಟ್ ಸ್ಪೀಕರುಗಳಾದರೆ 100 ಅಥವಾ 120ಕ್ಕೆ ಏರಿಸಬೇಕಾಗುತ್ತದೆ.

ಈಗ ಇನ್ನೊಂದು ತುದಿ. ಸಬ್‌ವೂಫರಿನ ಹಿಂಬದಿಯಲ್ಲಿ 40ರಿಂದ 150 ಹರ್ಟ್ಸ್‌ವರೆಗೆ ತಿರುಗುವ ನಾಬ್ ಒಂದಿರುತ್ತದೆ. ರಿಸೀವರ್ ಈಗಾಗಲೇ ಶಬ್ದವನ್ನು ಸೋಸಿ ಕಳಿಸಿರುವುದರಿಂದ ಈ ನಾಬನ್ನು ಗರಿಷ್ಠಕ್ಕೆ ತಿರುಗಿಸಿ ಇಡಬೇಕು, ಅಥವಾ ‘ಎಲ್.ಎಫ್.ಇ.’ ಎಂಬ ಸ್ವಿಚ್ ಇದ್ದರೆ ಅದನ್ನು ಒತ್ತಿ ನಾಬಿನ ಕೆಲಸವನ್ನೇ ತಪ್ಪಿಸಬೇಕು. ಇಲ್ಲಿಯೂ 80ಕ್ಕೆ ಇಟ್ಟರೆ ಎರಡು ಸಲ ಸೋಸಿದಂತಾಗಿ, ಸ್ಪೀಕರೂ ಸಬ್‌ವೂಫರೂ ಕೈಜೋಡಿಸಬೇಕಾದ ಜಾಗದಲ್ಲಿ ಹಳ್ಳ ಬೀಳುತ್ತದೆ. ವಾಲ್ಯೂಮ್ ನಾಬ್ ನಡುವಿನ ಆಸುಪಾಸಿನಲ್ಲಿರಲಿ. ರಿಸೀವರಿನ ಜೊತೆ ಬಂದ ಮೈಕನ್ನು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಇಟ್ಟು ಆಡಿಸ್ಸಿಯೋ ವೈ.ಪಿ.ಎ.ಒ.ಯೋ ಯಾವ ಸ್ವಯಂಚಾಲಿತ ಅಳತೆ ವ್ಯವಸ್ಥೆ ಇದೆಯೋ ಅದನ್ನು ನಡೆಸಿದ ಮೇಲೆ ಸಬ್‌ವೂಫರಿನ ಮಟ್ಟ ಮೆನುವಿನಲ್ಲಿ ಎಷ್ಟಿದೆಯೆಂದು ನೋಡಬೇಕು. ಅದು ಮೆನುವಿನ ಕೆಳಗಿನ ಮಿತಿಗೇ ಹೋಗಿ ನಿಂತಿದ್ದರೆ ಇನ್ನೂ ಇಳಿಸಬೇಕಿತ್ತು, ಇಳಿಸಲಾಗಲಿಲ್ಲ ಎಂದೇ ಅರ್ಥ. ಸಬ್‌ವೂಫರಿನ ನಾಬನ್ನು ತಗ್ಗಿಸಿ ಮತ್ತೊಮ್ಮೆ ಅಳತೆ ಮಾಡಿಸಬೇಕು. ಹತ್ತಡಿ ದೂರದ ಪೆಟ್ಟಿಗೆಯನ್ನು ಹದಿನಾಲ್ಕು ಅಡಿ ದೂರದಲ್ಲಿದೆಯೆಂದು ರಿಸೀವರ್ ತೋರಿಸಿದರೆ ತಿದ್ದಲು ಹೋಗಬಾರದು. ಸಬ್‌ವೂಫರಿನ ಒಳಗಿನ ಸರ್ಕ್ಯೂಟಿನಲ್ಲಿ ಶಬ್ದ ತಡವಾಗುವುದನ್ನೂ ಸೇರಿಸಿ ಅದು ಹೇಳಿದ ಲೆಕ್ಕ ಅದು.

ಕೆಲವರ ಮನೆಯಲ್ಲಿ ಸಬ್‌ವೂಫರ್ ಜೋಡಿಸಿದ ಕೂಡಲೇ ‘ಗುಂಯ್’ ಎಂಬ ನಿಲ್ಲದ ಸದ್ದು ಶುರುವಾಗುತ್ತದೆ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಮತ್ತು ಅದರ ಇಮ್ಮಡಿ 100 ಹರ್ಟ್ಸ್ ಸಬ್‌ವೂಫರಿನ ವ್ಯಾಪ್ತಿಯಲ್ಲಿಯೇ ಇರುವುದರಿಂದ ಅರ್ಥಿಂಗ್‌ನ ಸಣ್ಣ ವ್ಯತ್ಯಾಸವನ್ನೂ ಅದು ದೊಡ್ಡದು ಮಾಡಿ ಹೇಳುತ್ತದೆ. ಪತ್ತೆ ಹಚ್ಚುವ ಮೊದಲ ಹೆಜ್ಜೆಯಾಗಿ ಸೆಟ್‌ಟಾಪ್ ಬಾಕ್ಸಿನಿಂದ ಕೇಬಲ್ ಟಿ.ವಿ. ಅಥವಾ ಡಿಶ್ ತಂತಿಯನ್ನು ಬಿಚ್ಚಿ ನೋಡಬೇಕು. ಬೀದಿಯಿಂದಲೋ ತಾರಸಿಯಿಂದಲೋ ಬರುವ ಆ ತಂತಿ ಇನ್ನೊಂದು ಅರ್ಥನ್ನು ಹೊತ್ತು ತಂದಿರುವ ಸಂಭವ ಹೆಚ್ಚು. ಸದ್ದು ನಿಂತರೆ ಅಲ್ಲಿಗೊಂದು ಐಸೊಲೇಟರ್ ಹಾಕಿಸಬಹುದು. ನಿಲ್ಲದಿದ್ದರೆ ರಿಸೀವರನ್ನೂ ಸಬ್‌ವೂಫರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದು ನೋಡಬಹುದು. ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸಿಕೊಡುವ ಮೆಕ್ಯಾನಿಕರಿದ್ದಾರೆ. ಅಂಥವರಿಗೆ ಮಜೂರಿ ಕೊಟ್ಟು ಮನೆಗೆ ಕಳಿಸಬೇಕು, ಪಿನ್ ಮುರಿಯಲು ಬಿಡಬಾರದು. ಕರೆಂಟ್ ಹೋದಾಗ ಮಾತ್ರ ಕರಕರ ಎಂದರೆ ದೋಷ ಸ್ಕ್ವೇರ್ ವೇವ್ ಇನ್ವರ್ಟರಿನದು.

ಈಗ ಅಂಗಡಿಗೆ

ಮೊದಲು ಪೆಟ್ಟಿಗೆಯ ಹಿಂಬದಿ ನೋಡಬೇಕು. ಪವರ್ ಕಾರ್ಡು ಇದೆಯೇ? ಹಳೆಯ ‘ಎಲ್ಲ ಒಂದೇ ಪೆಟ್ಟಿಗೆಯಲ್ಲಿ’ ಬಂದ ಹೋಮ್ ಥಿಯೇಟರುಗಳ ಸಬ್‌ವೂಫರಿನಲ್ಲಿ ಎರಡು ಸ್ಪೀಕರ್ ವೈರುಗಳಷ್ಟೇ ಇರುತ್ತವೆ, ಒಳಗೆ ಆಂಪ್ಲಿಫೈಯರ್ ಇರುವುದಿಲ್ಲ. ಅದನ್ನು ಹೊಸ ರಿಸೀವರಿನ ಪ್ರೀ-ಔಟ್‌ಗೆ ಸಿಕ್ಕಿಸಿದರೆ ಶಬ್ದವೇ ಬರುವುದಿಲ್ಲ. ಸೌಂಡ್‌ಬಾರಿನ ಜೊತೆ ಬಂದ ವೈರ್‌ಲೆಸ್ ಸಬ್‌ವೂಫರ್ ಕೂಡ ಸಾಮಾನ್ಯವಾಗಿ ತನ್ನ ಕಂಪನಿಯ ಸೌಂಡ್‌ಬಾರ್ ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ.

ವ್ಯಾಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೇಜಿನ ಮೇಲೆ ಕೂರುವ ಟೇಪ್‌ರೆಕಾರ್ಡರಿನ ಮೇಲೆ ಸಾವಿರಾರು ವ್ಯಾಟ್ ಪಿ.ಎಂ.ಪಿ.ಒ. ಎಂದು ಮಿರುಗುವ ಸ್ಟಿಕರ್ ಅಂಟಿಸಿದ್ದ ಕಾಲವನ್ನು ಕಂಡವರಿಗೆ ಸತತವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್.ಎಂ.ಎಸ್. ಅಂಕಿಯನ್ನಷ್ಟೇ ನೋಡಬೇಕೆಂಬುದು ಗೊತ್ತಿದೆ. ನೋಡಬೇಕಾದ ಇನ್ನೊಂದು ಅಂಕಿ, ಸಬ್‌ವೂಫರ್ ಎಷ್ಟು ಕೆಳಗಿನವರೆಗೆ ಇಳಿಯುತ್ತದೆ ಎಂಬುದು. ‘25 ಹರ್ಟ್ಸ್’ ಎಂಬ ಅಂಕಿಯ ಪಕ್ಕದಲ್ಲಿ ‘±3 ಡೆಸಿಬೆಲ್’ (ಅಲ್ಲಿಯವರೆಗೆ ಮಟ್ಟದ ಏರಿಳಿತ ಅಷ್ಟರೊಳಗೆ) ಎಂದಿದ್ದರೆ ಅದಕ್ಕೆ ಬೆಲೆಯುಂಟು, ‘ಮೈನಸ್ 10 ಡೆಸಿಬೆಲ್’ (ಅಲ್ಲಿ ಮಟ್ಟ ಅಷ್ಟು ಕುಸಿದಿದೆ) ಎಂದಿದ್ದರೆ ಬೆಲೆ ಬಹಳ ಕಡಿಮೆ, ಏನೂ ಬರೆಯದಿದ್ದರೆ ಅದು ಬರಿಯ ಜಾಹೀರಾತು. ಕೆಳಕ್ಕಿಳಿಯುವುದು ಏಕಿಷ್ಟು ದುಬಾರಿ ಎಂದರೆ, ಅಷ್ಟೇ ಗಟ್ಟಿಯಾದ ಶಬ್ದವನ್ನು 40ರ ಬದಲು 20 ಹರ್ಟ್ಸ್‌ನಲ್ಲಿ ಹೊರಡಿಸಲು ಸ್ಪೀಕರಿನ ಕೋನ್ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. ಸಾಲದ್ದಕ್ಕೆ 20 ಹರ್ಟ್ಸ್‌ನ ಶಬ್ದ 70 ಡೆಸಿಬೆಲ್ ದಾಟುವವರೆಗೆ ನಮ್ಮ ಕಿವಿಗೆ ಕೇಳಿಸುವುದೇ ಇಲ್ಲ. ಹೀಗಾಗಿ ಇಂಚಿಗೆ ಅರ್ಥವಿದೆ: 8 ಇಂಚಿನ ಕೋನ್‌ಗಿಂತ 12 ಇಂಚಿನದರ ವಿಸ್ತೀರ್ಣ ಎರಡು ಪಟ್ಟಿಗಿಂತ ಹೆಚ್ಚು.

ಆಮೇಲೆ ಬರುವುದು ಮುಚ್ಚಿದ ಪೆಟ್ಟಿಗೆಯೋ ಪೋರ್ಟ್ (ಗಾಳಿಯಾಡುವ ಕೊಳವೆ) ಇರುವ ಪೆಟ್ಟಿಗೆಯೋ ಎಂಬ ಜಿಜ್ಞಾಸೆ. 1957ರಲ್ಲಿ ಅಮೆರಿಕದಲ್ಲಿ ಆರಂಭವಾದ ಕೆ.ಎಲ್.ಎಚ್. ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ನಿಯಮವೊಂದಿದೆ. ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ಶಕ್ತಿಯಲ್ಲಿ ಹೆಚ್ಚು ಶಬ್ದ, ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನೆಯದನ್ನು ಬಿಟ್ಟುಕೊಡಲೇಬೇಕು. ಪೋರ್ಟ್ ಇರುವ ಪೆಟ್ಟಿಗೆ ದೊಡ್ಡದಾಗಿರುತ್ತದೆ, ತನ್ನ ಮಿತಿಯವರೆಗೆ ಗಟ್ಟಿಯಾಗಿ ನುಡಿಯುತ್ತದೆ, ಅದರ ಕೆಳಗೆ ಪ್ರತಿ ಆಕ್ಟೇವ್‌ಗೆ (ಆವರ್ತನ ಅರ್ಧಕ್ಕಿಳಿದಾಗಲೆಲ್ಲ) 24 ಡೆಸಿಬೆಲ್‌ನಂತೆ ಧಡಕ್ಕನೆ ಬಿದ್ದುಹೋಗುತ್ತದೆ. ಮುಚ್ಚಿದ್ದು 12 ಡೆಸಿಬೆಲ್‌ನಂತೆ ನಿಧಾನವಾಗಿ ಇಳಿಯುತ್ತದೆ. ಚಿಕ್ಕ ಕೋಣೆಯಲ್ಲಿ ಬಹಳ ಕೆಳಗಿನ ಆವರ್ತನಗಳಿಗೆ ಕೋಣೆಯೇ ಒತ್ತಾಸೆ ಕೊಡುವುದರಿಂದ, 10 ಅಡಿ 12 ಅಡಿಯ ಬಾಗಿಲು ಮುಚ್ಚುವ ಕೋಣೆಗೆ ನಾನು ಮುಚ್ಚಿದ ಪೆಟ್ಟಿಗೆಯನ್ನೇ ಹೇಳುತ್ತೇನೆ. ಊಟದ ಮನೆಗೂ ಮೆಟ್ಟಿಲಿಗೂ ತೆರೆದುಕೊಂಡ ಹಾಲಿನಲ್ಲಿ ಸಬ್‌ವೂಫರ್ ತುಂಬಬೇಕಾದದ್ದು ಸೋಫಾದ ಸುತ್ತಲಿನ ಜಾಗವನ್ನಷ್ಟೇ ಅಲ್ಲ, ತೆರೆದಿರುವ ಅಷ್ಟೂ ಗಾಳಿಯನ್ನು. ಅಲ್ಲಿಗೆ ಪೋರ್ಟ್ ಇರುವುದು ಸರಿಹೋಗುತ್ತದೆ. ಸಿನಿಮಾಕ್ಕೆ ಪೋರ್ಟ್, ಸಂಗೀತಕ್ಕೆ ಮುಚ್ಚಿದ್ದು ಎಂಬ ಅಂಗಡಿಯ ಮಾತು ಅಷ್ಟೇನೂ ಆಧಾರವುಳ್ಳದ್ದಲ್ಲ.

ಹಣ ಒಟ್ಟುಗೂಡಿದ್ದರೆ ಒಂದು ದೊಡ್ಡದರ ಬದಲು ಎರಡು ಸಾಧಾರಣ ಸಬ್‌ವೂಫರುಗಳನ್ನು ಕೊಳ್ಳುವುದು ಲೇಸು. ಧ್ವನಿ ಉಪಕರಣಗಳ ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಅಧ್ಯಯನದಲ್ಲಿ, ಎದುರುಬದುರಿನ ಗೋಡೆಗಳ ನಡುಭಾಗದಲ್ಲಿ ಒಂದೊಂದು ಸಬ್‌ವೂಫರ್ ಇಟ್ಟರೆ ಕೋಣೆಯ ಹಲವು ಕುರ್ಚಿಗಳ ನಡುವಿನ ವ್ಯತ್ಯಾಸ ಚೆನ್ನಾಗಿ ತಗ್ಗುತ್ತದೆಂದು ಕಂಡುಬಂದಿತು. ಮುಂದಿನ ಗೋಡೆಯದು ಎಬ್ಬಿಸುವ ಅಲೆಯಾಟವನ್ನು ಹಿಂದಿನದು ತಣಿಸುತ್ತದೆ. ಒಬ್ಬನೇ ಕೂತು ನೋಡುವವನಿಗೆ ಒಂದು ಸಾಕು. ಮನೆಮಂದಿಯೆಲ್ಲ ಕೂತು ನೋಡುವ ಹಾಲಿಗೆ ಎರಡು.

ಕೆಳಗಿನ ಮನೆಯವರು

ಫ್ಲ್ಯಾಟಿನಲ್ಲಿ ಇರುವವರು ಇನ್ನೊಂದು ಲೆಕ್ಕ ಹಾಕಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಆದರೆ ಈ ಅಳತೆ ‘ಎ’ ಎಂಬ ತೂಕದ ಪದ್ಧತಿಯದು, ಅದು ಮಂದ್ರ ಶಬ್ದವನ್ನು ಬಹಳವಾಗಿ ಕಡಿಮೆ ಮಾಡಿ ಎಣಿಸುತ್ತದೆ. 31.5 ಹರ್ಟ್ಸ್‌ನಲ್ಲಿ 39 ಡೆಸಿಬೆಲ್ ಕಳೆಯುತ್ತದೆ. ಮಂಚ ನಡುಗಿಸುವ 80 ಡೆಸಿಬೆಲ್ ಗುಡುಗು ಆ ಮೀಟರಿನಲ್ಲಿ 41 ಎಂದು ಕಾಣುತ್ತದೆ, ಅಂದರೆ ರಾತ್ರಿಯ ಮಿತಿಯ ಒಳಗೇ. ಮೊಬೈಲಿನ ಆ್ಯಪ್ ತೋರಿಸಿ ‘ನೋಡಿ ಸರ್, ಲಿಮಿಟ್‌ನಲ್ಲೇ ಇದೆ’ ಎನ್ನುವವನೂ, ‘ನಮ್ಮ ಮನೆ ಕಿಟಕಿ ಅದುರುತ್ತಲ್ಲ ರೀ’ ಎನ್ನುವವರೂ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಅಪಾರ್ಟ್‌ಮೆಂಟ್ ಸಂಘದ ಸಭೆಗಳಲ್ಲಿ ಈ ಜಗಳ ಮುಗಿಯದಿರುವುದರಲ್ಲಿ ಆಶ್ಚರ್ಯವಿಲ್ಲ.

ಪೆಟ್ಟಿಗೆಯ ಕೆಳಗೆ ಹಾಕುವ ಫೋಮ್ ಮಣೆ ನೆಲದ ಮೂಲಕ ಸಾಗುವ ಕಂಪನವನ್ನು ತಗ್ಗಿಸುತ್ತದೆ, ಗಾಳಿಯ ಮೂಲಕ ಸ್ಲ್ಯಾಬನ್ನು ನಡುಗಿಸುವ ಶಬ್ದಕ್ಕೆ ಅದು ಏನೂ ಮಾಡದು. ಹೆಚ್ಚು ಕೆಲಸ ಮಾಡುವ ಉಪಾಯವೆಂದರೆ ಸಬ್‌ವೂಫರನ್ನು ಸೋಫಾದ ಬೆನ್ನಿಗೇ ತಂದು ಇಡುವುದು. ಎರಡಡಿ ದೂರದಿಂದ ಕೇಳುವಾಗ ಕಡಿಮೆ ಮಟ್ಟದಲ್ಲಿಯೇ ಬೇಕಾದ ಅನುಭವ ಸಿಗುವುದರಿಂದ ಗೋಡೆಗಳಿಗೂ ನೆರೆಯವರಿಗೂ ಹೋಗಿ ಮುಟ್ಟುವ ಪಾಲು ಅಷ್ಟರಮಟ್ಟಿಗೆ ತಗ್ಗುತ್ತದೆ; ಹೊಸ ಜಾಗಕ್ಕೆ ಮತ್ತೊಮ್ಮೆ ಮೈಕ್ ಇಟ್ಟು ಅಳತೆ ಮಾಡಿಸಬೇಕು ಎಂಬುದನ್ನು ಮರೆಯಬಾರದು. ಜೊತೆಗೆ ರಿಸೀವರಿನಲ್ಲಿ ನೈಟ್ ಮೋಡ್ ಎಂದೋ ಡೈನಾಮಿಕ್ ರೇಂಜ್ ಎಂದೋ ಇರುವ ಸೆಟ್ಟಿಂಗನ್ನು ರಾತ್ರಿ ಹತ್ತರ ಮೇಲೆ ಹಾಕಿಕೊಂಡರೆ ಮಾತು ಸ್ಪಷ್ಟವಾಗಿ ಉಳಿದು ಸ್ಫೋಟಗಳು ಮಾತ್ರ ತಗ್ಗುತ್ತವೆ. ಅಷ್ಟಾದರೂ ಮೊದಲ ದಿನವೇ ಕೆಳಗಿನ ಮನೆಯ ಬೆಲ್ ಒತ್ತಿ, ಒಂದು ಗಟ್ಟಿ ದೃಶ್ಯವನ್ನು ಹಾಕಿಸಿ, ಅವರ ಮಲಗುವ ಕೋಣೆಯಲ್ಲಿ ನಾವೇ ಎರಡು ನಿಮಿಷ ನಿಂತು ಕೇಳಿ ಬರುವುದು ಯಾವ ಮೀಟರಿಗಿಂತಲೂ ನಂಬಬಹುದಾದ ಅಳತೆ. ಅಲ್ಲಿ ಕೇಳಿಸದಷ್ಟಕ್ಕೆ ಇಳಿಸಿದ ಮಟ್ಟವನ್ನು ರಿಸೀವರಿನಲ್ಲಿ ಬರೆದಿಟ್ಟುಕೊಂಡು ರಾತ್ರಿಯ ಹೊತ್ತು ಅದನ್ನೇ ಬಳಸಬಹುದು.